ಮುತ್ಯಾನ ಕಷ್ಟ ಯಾರದು?


ಇಂದಿನ ಚಿಂತನೆ: ಸಮ್ಯಕ್ ವಾಚಾ

ಕಳೆದ ಭಾನುವಾರ ವಂದನೆ ಮುಗಿಸಿ ಏಳುವಾಗ ನಮ್ಮ ಕಲಬುರಗಿ ಬಳಗದ ಹುಡುಗಿಯೊಬ್ಬಳು ಪಕ್ಕಕ್ಕೆ ಕರೆದಳು. ಇಂಜಿನಿಯರಿಂಗ್ ಕೊನೆಯ ವರ್ಷ, ಮುಂದಿನ ವಾರ ಸಂದರ್ಶನ.

“ಕಾಕಾ, ಟ್ರೇನಿಂಗ್ ಸರ್ ಹೇಳ್ಯಾರ, ‘ನಿಮ್ಮ ಬಗ್ಗೆ ಹೇಳಿ’ ಅಂದಕೂಡ್ಲೆ ಒಂದು ಕಷ್ಟದ ಕಥಿ ಹೇಳಬೇಕಂತ. ಮಾರ್ಕ್ಸ್ ಯಾರಿಗೂ ನೆನಪಿರಂಗಿಲ್ಲ, ಕಥಿ ನೆನಪಿರ್ತದಂತ. ನಮ್ಮಪ್ಪ ಬಸ್ ಡ್ರೈವರ್. ಶಹಾಬಾದ್ ಗಣ್ಯಾಗ ಕಲ್ಲು ಹೊತ್ತಾಂವ ನಮ್ಮ ಮುತ್ಯಾ. ಅಪ್ಪನೇ ಹೊತ್ತಾನ ಅಂದ್ರ ತಪ್ಪಾ?”

ನಾಲ್ಕನೆಯ ಶೀಲವನ್ನು ಹೇಳಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ತಪ್ಪು ಅಂದುಬಿಡುವುದು ಸುಲಭವಿತ್ತು. ಆದರೆ ಕೇಳುವವರೇನು ಶುದ್ಧವೇ? 2007ರಲ್ಲಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ನೇಮಕಾಧಿಕಾರಿಗಳನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರತಿಭೆಯೊಂದೇ ಮುಖ್ಯ ಎನ್ನುವ ಆ ಅಧಿಕಾರಿಗಳು, ಅದೇ ಉಸಿರಿನಲ್ಲಿ ‘ಕುಟುಂಬದ ಹಿನ್ನೆಲೆ’ ತಿಳಿಯಬೇಕು ಎನ್ನುತ್ತಿದ್ದರು. ಬೇರೆಯವರ ಮಕ್ಕಳಿಗೆ ಅದು ಪರಿಚಯದ ಮಾತು. ನಮ್ಮ ಮಕ್ಕಳಿಗೆ ಜರಡಿ.

ನನ್ನ ಮೊದಲ ಸಂದರ್ಶನದಲ್ಲಿ “ಊರಾಗ ಯಾವ ಓಣಿ?” ಎಂದು ಕೇಳಿದ್ದರು. “ಬಸ್ ಸ್ಟ್ಯಾಂಡ್ ಹತ್ರ ಸರ್” ಅಂದೆ. ಸುಳ್ಳಲ್ಲ, ನಮ್ಮ ಓಣಿ ಬಸ್ ಸ್ಟ್ಯಾಂಡಿನ ಹಿಂದೆಯೇ ಇತ್ತು. ಆದರೂ ಆ ಉತ್ತರ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಎರಡು ಘಟನೆ ನೆನಪಿರುತ್ತವೆ. 1901ರಲ್ಲಿ, ಬಾಲಕ ಭೀಮ ತಂದೆಯನ್ನು ನೋಡಲು ಗೋರೆಗಾಂವಿಗೆ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದ. ಯಾರು ನೀವು ಎಂದು ಸ್ಟೇಷನ್ ಮಾಸ್ತರ ಕೇಳಿದಾಗ, ಹಿಂದುಮುಂದು ನೋಡದೆ ಮಹಾರರು ಎಂದುಬಿಟ್ಟ. ಎರಡರಷ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಮೊದಲಿಗೆ ಇವರ ಜೊತೆ ಕೂರಲಿಲ್ಲ, ಬುತ್ತಿ ಇದ್ದರೂ ಕುಡಿಯಲು ನೀರು ಸಿಗಲಿಲ್ಲ. 1917ರಲ್ಲಿ, ವಿದೇಶದಲ್ಲಿ ಓದಿ ಬಂದ ಅದೇ ಭೀಮರಾವ್ ಬರೋಡಾದ ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ಹೊರಹಾಕಿದರು.

ಆ ಪಾರ್ಸಿ ಹೆಸರಿನ ಮಾತನ್ನು ಅವರು ಬಿಟ್ಟು ಬರೆಯಬಹುದಿತ್ತು. ಬಿಡಲಿಲ್ಲ. ತಮ್ಮನ್ನು ತೊಳೆದು ತೋರಿಸಿಕೊಳ್ಳಲಿಲ್ಲ, ನೋವನ್ನು ಉಬ್ಬಿಸಲೂ ಇಲ್ಲ. ಬಾಡಿಗೆ ಎಷ್ಟು, ಯಾರು ಏನು ಕೇಳಿದರು, ಎಷ್ಟನೆಯ ದಿನ ಅನ್ನುವಂಥ ವಿವರಗಳೇ ಅಲ್ಲಿ ಹೆಚ್ಚು. ಅದು ಸಾಕ್ಷಿಯ ಹೇಳಿಕೆ, ಅನುಕಂಪದ ಅರ್ಜಿಯಲ್ಲ.

ಒಳ್ಳೆಯ ಮಾತಿಗೆ ಅಂಗುತ್ತರ ನಿಕಾಯದಲ್ಲಿ ಭಗವಾನರು ಐದು ಗುಣ ಹೇಳಿದ್ದಾರೆ: ಸಕಾಲ, ಸತ್ಯ, ಮೃದುತ್ವ, ಹಿತ, ಮೈತ್ರಿ. ಸತ್ಯವಾದದ್ದನ್ನೆಲ್ಲ ಎಲ್ಲರೆದುರು ಬಿಚ್ಚಿಡಬೇಕು ಎಂದು ಅದರಲ್ಲಿಲ್ಲ. ಹಾಗಾಗಿ ಓಣಿ ಹೇಳದೆ ಇರುವುದು ಶೀಲಭಂಗ ಎಂದು ನನಗನ್ನಿಸುವುದಿಲ್ಲ, ಗಂಟಲು ಏನೇ ಹೇಳಲಿ. ಆದರೆ ಮುತ್ಯಾನ ಕಲ್ಲನ್ನು ಅಪ್ಪನ ತಲೆಗೆ ಹೊರಿಸುವುದು ಬೇರೆ. ಹಾಗೆ ಮಾಡಿದರೆ ಕಲ್ಲು ಹೊತ್ತ ಮುತ್ಯಾ ಅಳಿಸಿಹೋಗುತ್ತಾನೆ, ನೈಟ್ ಡ್ಯೂಟಿ ಮಾಡಿ ಫೀಸು ಕಟ್ಟಿದ ಅಪ್ಪನೂ ಅಳಿಸಿಹೋಗುತ್ತಾನೆ. ನಾಳೆ ನಮ್ಮವರಲ್ಲೇ ಇನ್ನೊಂದು ಮಗು, ಹೊಟ್ಟೆತುಂಬ ಉಂಡು ಬೆಳೆದದ್ದು, ಅದೇ ಕುರ್ಚಿಯಲ್ಲಿ ಕೂತಾಗ ‘ಇಷ್ಟೇನಾ ನಿನ್ನ ಕಷ್ಟ?’ ಎನ್ನುವ ಮುಖ ನೋಡಬೇಕಾಗುತ್ತದೆ.

ಇದನ್ನೆಲ್ಲ ಅವಳಿಗೆ ಇಷ್ಟು ಉದ್ದ ಹೇಳಲಿಲ್ಲ. “ಹೇಳೂದಾದ್ರ ಮುತ್ಯಾಂದು ಮುತ್ಯಾಂದಂತಲೇ ಹೇಳವ್ವ. ಹೇಳಬಾರದು ಅನ್ನಿಸಿದ್ರ ನಿನ್ನ ಪ್ರಾಜೆಕ್ಟ್ ಬಗ್ಗೆ ಹೇಳು” ಅಂದೆ ಅಷ್ಟೇ.

ನಿನ್ನೆ ಫೋನ್ ಮಾಡಿದ್ದಳು. “ಕಾಕಾ, ಮುತ್ಯಾ ಗಣ್ಯಾಗ ಎಷ್ಟು ವರ್ಷ ದುಡಿದ, ಕೂಲಿ ಎಷ್ಟಿತ್ತು ಅಂತ ಅಪ್ಪಗ ಕೇಳಿದೆ. ಅಂವಗೂ ಗೊತ್ತಿಲ್ಲ. ಆಯಿಗೆ ಕೇಳಬೇಕು, ನಾಳೆ ಊರಿಗೆ ಹೊಂಟೀನಿ.”

ಜೈ ಭೀಮ್.