ಕೊಲ್ಲುವವನ ನ್ಯಾಯ

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದವಾನಿ, ಆಲೂರು ಸೀಮೆಯಲ್ಲಿ ಬೋಯರ ಮನೆಗಳು ಬಹಳ. ಕನ್ನಡದಲ್ಲಿ ನಾವು ಬೇಡರೆನ್ನುವುದು ಇವರನ್ನೇ. ಎರೆಹೊಲ, ಬಂಡೆಗುಡ್ಡಗಳ ಆ ನೆಲದಲ್ಲಿ ಬೇಟೆ ಹಿಂದೆ ಊಟವೂ ಹೌದು, ಹಬ್ಬವೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದರ 1991ರ ತಿದ್ದುಪಡಿ ಬಂದ ಮೇಲೆ ಅದು ಅಪರಾಧ. ಆದರೂ ಹಳಬರು ಸೇರಿದಲ್ಲಿ ಹಳೆಯ ವಾದವೊಂದು ಎದ್ದೇಳುತ್ತದೆ: ಯಾವ ಬೇಟೆ ನ್ಯಾಯದ್ದು?

ನಾಯಿ ಬಿಟ್ಟು ಮೊಲ ಓಡಿಸುತ್ತಿದ್ದ ಹಿರಿಯರೊಬ್ಬರ ಮಾತು ಇದು: "ಮೊಲಕ್ಕೂ ಕಾಲೈತೆ, ನಾಯಿಗೂ ಕಾಲೈತೆ. ತಪ್ಪಿಸಿಕೊಂಡರೆ ಅದರ ಪುಣ್ಯ." ಕೋವಿ ಹಿಡಿದಿದ್ದವರು ಒಪ್ಪಲಿಲ್ಲ. "ನಾಯಿ ಬಾಯಾಗ ಅದು ಕಿರುಚೋದು ಕೇಳೀರೇನು ಮಾವ? ನನ್ನ ಗುಂಡಿಗೆ ಸತ್ತದ್ದು ಅದಕ್ಕೇ ತಿಳಿಯಲ್ಲ." ಉರುಳು ಒಡ್ಡುತ್ತಿದ್ದ ಮೂರನೆಯವರು ನಕ್ಕರು: "ಗಡಿಗೆಗೆ ಬಿದ್ದ ಮೇಲೆ ಎಲ್ಲಾ ಒಂದೇ ಸಾರು."

ಮೊದಲಿನವರು ಅವಕಾಶವನ್ನು ಅಳೆದರು, ಎರಡನೆಯವರು ನೋವನ್ನು. ಮೊಲ ಯಾವ ಪಂದ್ಯಕ್ಕೂ ಒಪ್ಪಿರಲಿಲ್ಲ. ಆದ್ದರಿಂದ ಸಮಬಲದ ಮಾತು ಬೇಟೆಗಾರನ ಅಭಿಮಾನಕ್ಕೆ ಸೇರಿದ್ದು. ಹಾಗೆಂದು ನೋವೊಂದೇ ಅಳತೆಯಾದರೆ, ರಾತ್ರಿ ಜೀಪಿನ ದೀಪಕ್ಕೆ ಕಣ್ಣು ಕೋರೈಸಿ ನಿಂತ ಹಿಂಡನ್ನೆಲ್ಲ ನೋವಿಲ್ಲದೆ ಉರುಳಿಸಬಹುದು. ಕಾಲ್ನಡಿಗೆ ಬೇಟೆಗೆ ಕಾಲಿನ ಮಿತಿಯಾದರೂ ಇತ್ತು. 1972ರ ಮೂಲ ಕಾಯಿದೆಯಲ್ಲಿ ಪರವಾನಗಿ ಬೇಟೆಗೆ ಎಡೆಯಿದ್ದಾಗಲೂ ವಾಹನ, ದೀಪ, ವಿಷಗಳನ್ನು ನಿಷೇಧಿಸಿದ್ದು ಇದಕ್ಕೇ ಇರಬೇಕು.

ಈ ವಾದ ಹೊಸದಲ್ಲ. ಮರೆಯಲ್ಲಿ ನಿಂತು ಹೊಡೆದದ್ದು ಧರ್ಮವೇ ಎಂದು ವಾಲಿ ಕೇಳುತ್ತಾನೆ. ಬಲೆಯಿಂದಲೂ ಉರುಳಿನಿಂದಲೂ ಮರೆಯಿಂದಲೂ ಮೃಗಗಳನ್ನು ಕೊಲ್ಲುವುದುಂಟು, ದೋಷವಿಲ್ಲ ಎಂಬುದು ರಾಮನ ಉತ್ತರಗಳಲ್ಲೊಂದು. ಮಹಾಭಾರತದ ಪಾಂಡುವೂ ಅದನ್ನೇ ಹೇಳುತ್ತಾನೆ. ಆದರೆ ಜಿಂಕೆಯಾಗಿದ್ದ ಕಿಂದಮ ಮುನಿ ಬೇಟೆಯನ್ನೇ ದೂರುವುದಿಲ್ಲ. ಕೂಡಿದ್ದ ಹೊತ್ತಿನಲ್ಲಿ ನೀನು ಕಾಯಬೇಕಿತ್ತು ಎನ್ನುತ್ತಾನೆ. ಅವನ ಪ್ರಶ್ನೆ ಆಯುಧದ್ದಲ್ಲ, ನೋಡಿದವನ ಹೊಣೆಯದು.

ನನಗೆ ಕಾಣುವ ಗೆರೆಯೂ ಅಲ್ಲೇ ಇದೆ. ನಾಯಿಯವನೂ ಕೋವಿಯವನೂ ಸಾವಿನ ಎದುರು ನಿಂತಿರುತ್ತಾರೆ, ಕಾಯಬಲ್ಲರು, ಬಿಟ್ಟುಬಿಡಬಲ್ಲರು. ಉರುಳು ಒಡ್ಡಿದವನು ಆಗ ಮನೆಯಲ್ಲಿ ಮಲಗಿರುತ್ತಾನೆ. ಬಸುರಿ ಯಾವುದು, ಮರಿ ಯಾವುದು ಎಂದು ಉರುಳಿಗೆ ಗೊತ್ತಿಲ್ಲ. 2020ರಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ ಕಾಯಿ ಕಚ್ಚಿ ಬಾಯಿ ಛಿದ್ರವಾದ ಬಸುರಿ ಆನೆ ಹೊಳೆಯಲ್ಲಿ ನಿಂತು ಸತ್ತಿತು. 2022ರಲ್ಲಿ ಕೇರಳ ಸರಕಾರ ಬೆಳೆ ತಿನ್ನುವ ಹಂದಿಗಳನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತಿಗಳಿಗೆ ಕೊಟ್ಟಾಗ ವಿಷ, ಸ್ಫೋಟಕ, ವಿದ್ಯುತ್ ಮೂರನ್ನೂ ಹೊರಗಿಟ್ಟಿತು. ಮೂರೂ ಕೊಲ್ಲುವವನಿಲ್ಲದೆ ಕೊಲ್ಲುವಂಥವು.

ರಾತ್ರಿಯೆಲ್ಲ ಬೆಳೆ ಕಾಯುವ ರೈತನಿಗೆ ಈ ನೀತಿ ದುಬಾರಿ ಎನ್ನಿಸೀತು. ಅವನ ನಷ್ಟವನ್ನು ಸಮಾಜ ಹಂಚಿಕೊಳ್ಳದೆ ಅವನಿಗೆ ಬುದ್ಧಿ ಹೇಳುವುದು ಸಲ್ಲ. ಆದರೂ ಕೊಲ್ಲಲೇಬೇಕಾದವನು ಆ ಸಾವನ್ನು ಕಣ್ಣಿಟ್ಟು ನೋಡಬೇಕಾಗಿ ಬಂದರೆ, ಅವನ ಕೈ ಒಂದಿಷ್ಟಾದರೂ ತಡೆಯುತ್ತದೆ. ಆ ತಡೆಯನ್ನೇ ನಾನು ನ್ಯಾಯವೆಂದು ಕರೆಯುತ್ತೇನೆ.