ಒಂದೇ ಬದು, ಎರಡು ಬೆಲೆ

ಎಲ್ಲರ ಹಿತಕ್ಕಾಗಿ ಕೆಲವರ ಭೂಮಿಯನ್ನು ತೆಗೆದುಕೊಳ್ಳುವದು ನ್ಯಾಯವೋ ಎಂಬ ಪ್ರಶ್ನೆಯು ಹಳೆಯದು. ಅಣೆಕಟ್ಟುಗಳೂ ರಸ್ತೆಗಳೂ ಆಕಾಶದಲ್ಲಿ ನಿಲ್ಲಲಾರವು. ಆದಕಾರಣ ಕೆಲವು ಸಾರಿ ಅದು ಅವಶ್ಯವೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಹಾಗೆ ತೆಗೆದುಕೊಳ್ಳುವಾಗ ಬಲವುಳ್ಳವನಿಗೂ ಬಲವಿಲ್ಲದವನಿಗೂ ಒಂದೇ ಅಳತೆ ಇತ್ತೋ ಎಂಬದು ಬೇರೆ ಪ್ರಶ್ನೆ. ಅದನ್ನೇ ಈಗ ವಿಚಾರಿಸೋಣ.

ಮೊದಲು ದೂರದ ಸಂಗತಿಯೊಂದನ್ನು ನೋಡುವಾ. ಅಮೇರಿಕಾ ದೇಶವು 2006ರಲ್ಲಿ ಕಾಯಿದೆ ಮಾಡಿ, ಮೆಕ್ಸಿಕೋ ದೇಶದ ಗಡಿಯಲ್ಲಿ ಉದ್ದವಾದ ಬೇಲಿಗೋಡೆಯನ್ನು ಕಟ್ಟಿಸಿತು. ಅದಕ್ಕಾಗಿ ಟೆಕ್ಸಸ್ ಪ್ರಾಂತದಲ್ಲಿ ನದೀತೀರದ ರೈತರ ಮೇಲೆ ನೂರಾರು ದಾವೆಗಳನ್ನು ಹೂಡಿ ಭೂಮಿಯನ್ನು ತೆಗೆದುಕೊಂಡಿತು. 2017ರಲ್ಲಿ ಪ್ರೊಪಬ್ಲಿಕಾ, ಟೆಕ್ಸಸ್ ಟ್ರಿಬ್ಯೂನ್ ಎಂಬ ವಾರ್ತಾಸಂಸ್ಥೆಗಳು ಆ ಕಾಗದಪತ್ರಗಳನ್ನು ಶೋಧಿಸಿದವು. ವಕೀಲರನ್ನಿಟ್ಟುಕೊಂಡ ಸ್ಥಿತಿವಂತರು ಸರಕಾರವು ಮೊದಲು ಹೇಳಿದ ಬೆಲೆಯ ಮೂರು ಪಟ್ಟನ್ನು ಸರಾಸರಿಯಲ್ಲಿ ಪಡೆದಿದ್ದರು. ಬಡವರು ಬಹುಮಟ್ಟಿಗೆ ಕೊಟ್ಟಷ್ಟನ್ನೇ ತೆಗೆದುಕೊಂಡಿದ್ದರು. ಗೋಡೆ ಒಂದು, ಕಾಯಿದೆ ಒಂದು. ಬೆಲೆ ಮಾತ್ರ ಎರಡು.

ನಮ್ಮ ಸೀಮೆಯಲ್ಲಿ ಗಡಿಗೋಡೆಯಿಲ್ಲ. ಆದರೆ ನೀರಿನ ಗೋಡೆಯುಂಟು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 51 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಆ ನೀರು ಧೂಪದಾಳದ ಒಡ್ಡಿನಿಂದ ಕಾಲುವೆಗೆ ತಿರುಗಿ ಗೋಕಾಕ, ಮೂಡಲಗಿಯ ಕಬ್ಬಿನ ಹೊಲಗಳನ್ನು ತಣಿಸುತ್ತದೆ. ಬರಗಾಲದ ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲ ದೇವಸ್ಥಾನವು ಮೇಲೆ ಕಾಣಿಸುವದು. ಒಬ್ಬರ ಹೊಲ ಮುಳುಗಿದ್ದರಿಂದ ಮತ್ತೊಬ್ಬರ ಹೊಲ ಹಸಿರಾಯಿತೆಂಬದಕ್ಕೆ ಅದೇ ಸಾಕ್ಷಿ.

ಆ ಕಾಲದಲ್ಲಿ 1894ರ ಭೂಸ್ವಾಧೀನ ಕಾಯಿದೆಯು ನಡೆಯುತ್ತಿತ್ತು. ಅಧಿಕಾರಿಯು ಕಟ್ಟಿದ ಬೆಲೆಗೆ ತಕರಾರು ಮಾಡಿದವನು ಕೋರ್ಟಿಗೆ ಹೋಗಬಹುದಾಗಿತ್ತು. ಸುಮ್ಮನೆ ಹೆಬ್ಬೆಟ್ಟೊತ್ತಿದವನಿಗೆ ಆ ದಾರಿ ಮುಚ್ಚುತ್ತಿತ್ತು. ಬದುವಿನ ಆಚೆ ಒಂದು ಬೆಲೆ, ಈಚೆ ಇನ್ನೊಂದು ಆಗುವದಕ್ಕೆ ಇದೇ ಕಾರಣ. ಈ ಅನ್ಯಾಯವನ್ನು ಕಂಡು 1984ರಲ್ಲಿ 28ಎ ಎಂಬ ಕಲಮನ್ನು ಸೇರಿಸಿದರು. ನೆರೆಯವನಿಗೆ ಕೋರ್ಟು ಹೆಚ್ಚು ಬೆಲೆ ಕೊಟ್ಟರೆ, ಅದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡು ಕೋರ್ಟಿಗೆ ಹೋಗದವನೂ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಹೆಚ್ಚಿನ ಪರಿಹಾರವನ್ನು ಬೇಡಬಹುದು. 2014ರ ಜನವರಿ 1ರಿಂದ ನಡೆಯುತ್ತಿರುವ ಹೊಸ ಕಾಯಿದೆಯ 73ನೆಯ ಕಲಮಿನಲ್ಲಿಯೂ ಇದೇ ತರದ ಹಕ್ಕುಂಟು.

ಕಾಯಿದೆಯು ಬಾಗಿಲನ್ನು ತೆರೆದಿದೆ. ಆದರೆ ಓದಲು ಬಾರದ ವಿಧವೆಗೆ ಮೂರು ತಿಂಗಳೊಳಗೆ ಆ ತೀರ್ಪನ್ನು ತಿಳಿಸುವವರು ಯಾರು? ಗೆದ್ದ ನೆರೆಯವನಲ್ಲದೆ ಬೇರೆ ಯಾರೂ ಇಲ್ಲದಿರಬಹುದು. “ನಾನು ದುಡ್ಡು ಸುರಿದು ತಿರುಗಾಡಿದೆನು, ಮನೆಯಲ್ಲಿ ಕೂತವಳಿಗೆ ಯಾಕೆ ಹೇಳಬೇಕು?” ಎಂದು ಅವನು ಕೇಳಾನು. ಅವನ ಶ್ರಮವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಕೋರ್ಟು ಕೊಟ್ಟದ್ದು ಅವನ ಜಾಣತನದ ಕೂಲಿಯಲ್ಲ, ಮಣ್ಣಿನ ನಿಜವಾದ ಬೆಲೆ. ಒಡೆಯನಿಗೆ ಅಕ್ಷರ ಬರುವದರಿಂದ ಎರೆಮಣ್ಣು ಹೆಚ್ಚು ಬೆಳೆಯುವದುಂಟೇ? ಇದಲ್ಲದೆ ಆಕೆಗೆ ಸಿಕ್ಕುವದರಿಂದ ಅವನ ಚೀಲದಲ್ಲಿ ಒಂದು ಕಾಸೂ ಕಡಿಮೆಯಾಗುವದಿಲ್ಲ.

ನಾಬೋತನ ದ್ರಾಕ್ಷೇತೋಟದ ಕಥೆಯಲ್ಲಿ ನಾವು ಅರಸನ ದುರಾಶೆಯನ್ನು ಮಾತ್ರ ನೆನಸುತ್ತೇವೆ. ಆದರೆ ಮುದ್ರೆಯುಳ್ಳ ಪತ್ರವು ಬಂದದ್ದು ನಾಬೋತನ ಊರಿನ ಹಿರಿಯರಿಗೇ. ಅವರಲ್ಲಿ ಒಬ್ಬನೂ ಅವನ ಪಕ್ಷವಾಗಿ ಮಾತಾಡಲಿಲ್ಲ. ಅನ್ಯಾಯವು ಅರಮನೆಯಲ್ಲಿ ಹುಟ್ಟಬಹುದು, ಆದರೆ ನೆರೆಯವರ ಮೌನವಿಲ್ಲದೆ ಊರೊಳಗೆ ಕಾಲಿಡಲಾರದು.

ಹೀಗಿರಲಾಗಿ ಊರಿಗೆ ನೋಟೀಸು ಬಂದಾಗ ಓದಬಲ್ಲವರು ಓದಲಾರದವರಿಗೆ ಅದನ್ನು ಓದಿ ಹೇಳಲಿ. ಬೆಲೆಗೆ ಮನಸ್ಸೊಪ್ಪದವರು ತಕರಾರನ್ನು ಬರವಣಿಗೆಯಲ್ಲಿ ತೋರಿಸದೆ ಹಣವನ್ನು ತೆಗೆದುಕೊಳ್ಳದಿರಲಿ. ಕೋರ್ಟಿನಲ್ಲಿ ಗೆದ್ದವನು ಮನೆಗೆ ಬರುವ ದಾರಿಯಲ್ಲಿ, ಬದುವಿನ ಆಚೆಯವರ ಬಾಗಿಲನ್ನು ಮೊದಲು ತಟ್ಟಲಿ.