ಒಗೆಯುವ ಕಲ್ಲು

ಹಂಸಭಾವಿಯ ನಮ್ಮ ತವರುಮನೆಯ ಹಿತ್ತಲಲ್ಲಿ, ಬಾವಿಯ ಪಕ್ಕ, ಒಂದು ಒಗೆಯುವ ಕಲ್ಲಿತ್ತು. ಅವ್ವ ಮದುವೆಯಾಗಿ ಬಂದಂದಿನಿಂದ ಅದರ ಮೇಲೆಯೇ ಬಟ್ಟೆ ಒಗೆದವಳು. 1994ರಲ್ಲಿ ಹೊಸ ಬಚ್ಚಲು ಕಟ್ಟಿಸುವಾಗ ಗೌಂಡಿಗಳು ಹಾರೆ ಹಾಕಿ ಅದನ್ನು ಎಬ್ಬಿಸಿದರು. ಬೋರಲು ಬಿದ್ದಿದ್ದ ಮೈಯಲ್ಲಿ ಮೂರು ಅಂತಸ್ತಿನ ಚಿತ್ರ. ಕೆಳಗೆ ಕತ್ತಿ ಎತ್ತಿದವನು, ಅವನ ಹಿಂದೆ ಎರಡು ಆಕಳು. ನಡುವೆ ಅವನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನೂ ಅವನೇ. ದನ ಬಿಡಿಸಿಕೊಳ್ಳಲು ಹೋಗಿ ಸತ್ತವನ ವೀರಗಲ್ಲು.

"ಅಯ್ಯ ಶಿವನ, ಇಷ್ಟು ವರ್ಷ ಇವನ ಬೆನ್ನ ಮ್ಯಾಲ ಅರಿವಿ ಒಗದೆನಲ್ಲ!" ಎಂದಳು ಅವ್ವ. ಮೈ ತೊಳೆದು ಕುಂಕುಮ ಹಚ್ಚಿ, ದಿನಾ ಒಂದು ಹೂವಿಡತೊಡಗಿದಳು.

ಹದಿನೈದು ದಿನಕ್ಕೆ ಒಬ್ಬಾತ ಬಂದ. ಯಾವುದೋ ಹೋಟೆಲಿನ ತೋಟಕ್ಕೆ ಇಂಥವು ಬೇಕಂತೆ. ಅಣ್ಣ ಕೊಟ್ಟುಬಿಟ್ಟ. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು, ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಅದು ನನಗೆ ಗೊತ್ತಿತ್ತು. ಶಾಲೆಯಲ್ಲಿ ಇತಿಹಾಸ ಹೇಳುವವಳು ನಾನು. ಸುಮ್ಮನೆ ನಿಂತು ನೋಡಿದೆ. ಬಚ್ಚಲಿನ ಬಾಗಿಲು ಆ ಹಣದಲ್ಲೇ ಬಂತು.

ನಾವು ಒಗೆದದ್ದು ತಪ್ಪೋ, ಮಾರಿದ್ದು ತಪ್ಪೋ?

ಅದನ್ನು ಕಡೆದವನು ಹೆಸರಾಂತ ಶಿಲ್ಪಿಯೇನಲ್ಲ. ನಮಗೆ ಹತ್ತಿರದ ಬಳ್ಳಿಗಾವೆಯ ದಾಸೋಜ 12ನೇ ಶತಮಾನದಲ್ಲಿ ಬೇಲೂರಿನಲ್ಲಿ ಮದನಿಕೆಯರನ್ನು ಕಡೆದು, ಪೀಠದಲ್ಲಿ ತನ್ನ ಹೆಸರನ್ನೂ ಕೊರೆದ. ನಮ್ಮ ಹಿತ್ತಲಿನವನಿಗೆ ಅಂಥ ನಾಜೂಕು ತಿಳಿಯದು. ತಲೆ ದೊಡ್ಡದು, ಕಾಲು ಗಿಡ್ಡ, ಜಾಗ ಸಾಲದೆ ಒಂದು ಆಕಳ ಮೇಲೆ ಇನ್ನೊಂದು ಆಕಳು. ಆದರೆ ಕತ್ತಿ ಹಿಡಿದ ತೋಳು ಮೈಗಿಂತ ಉದ್ದ! ಸಾಯುವವನ ಜೀವವೆಲ್ಲ ಆ ತೋಳಿಗೇ ಬಂದಿತ್ತೆಂದು ಅವನಿಗೆ ಗೊತ್ತಿತ್ತು.

ಇಂಥ ಹೆಸರಿಲ್ಲದ ಕೈಗಳ ಹತ್ತಿರವೇ 20ನೇ ಶತಮಾನದ ಶಿಲ್ಪಿಗಳು ಕಲಿಯಲು ಹೋದರು. ಮೆಕ್ಸಿಕೋದಲ್ಲಿ ಚಾಕ್‌ಮೂಲ್ ಎಂಬ ಪುರಾತನ ಮೂರ್ತಿಗಳಿವೆ. ಮೊಣಕಾಲು ಮಡಿಚಿ, ಹೊಟ್ಟೆಯ ಮೇಲೆ ಬಟ್ಟಲು ಹಿಡಿದು, ತಲೆಯನ್ನು ಪಕ್ಕಕ್ಕೆ ಹೊರಳಿಸಿ ಒರಗಿದವನ ಮೂರ್ತಿ. ಅದರ ಪ್ರಭಾವದಿಂದ ಇಂಗ್ಲೆಂಡಿನ ಹೆನ್ರಿ ಮೂರ್ 1929ರಲ್ಲಿ ಒರಗಿದ ಹೆಂಗಸೊಬ್ಬಳನ್ನು ಕಡೆದ. ಬಟ್ಟಲನ್ನು ಬಿಟ್ಟ, ಕಲ್ಲಿನ ಗಟ್ಟಿತನವನ್ನು ಉಳಿಸಿಕೊಂಡ. ಇದನ್ನು ಕದ್ದದ್ದು ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅವನು ತನ್ನ ಕೈ ನೋಯಿಸಿಕೊಂಡು ಇನ್ನೊಂದು ಕಲ್ಲು ಕಡೆದ; ಮೆಕ್ಸಿಕೋದ ಕಲ್ಲಿನಿಂದ ಒಂದು ಚೂರೂ ಕಡಿಮೆಯಾಗಲಿಲ್ಲ. ನಮ್ಮ ಮನೆಗೆ ಬಂದಾತ ಏನನ್ನೂ ಕಲಿಯಲಿಲ್ಲ, ಕಲ್ಲನ್ನೇ ಒಯ್ದ.

ಅತ್ತಿಗೆ ಒಪ್ಪುವುದಿಲ್ಲ. "ಅಲ್ಲಿ ನಾಕು ಮಂದಿ ನೋಡ್ತಾರ. ಇಲ್ಲಿದ್ರ ಮತ್ತ ಬೋರಲ ಹಾಕಿ ಅರಿವಿನ ಒಗೀತಿದ್ವಿ" ಎನ್ನುತ್ತಾಳೆ. ಇರಬಹುದು. ಆದರೆ ಒಗೆಯುವಾಗಲೂ ಅವನು ತಾನು ಸತ್ತ ಊರಿನಲ್ಲೇ ಇದ್ದ. ಹೋಟೆಲಿನವರಿಗೆ ಅವನು ಯಾರ ಆಕಳಿಗಾಗಿ ಸತ್ತನೆಂದು ಯಾರು ಹೇಳಬೇಕು?

ಕೆಲವು ವರ್ಷಗಳ ಹಿಂದೆ ಅವ್ವನನ್ನು ಶಿಗ್ಗಾವಿ ತಾಲೂಕಿನ ಗೊಟಗೋಡಿಗೆ ಕರೆದೊಯ್ದಿದ್ದೆ. 2020ರಲ್ಲಿ ತೀರಿಕೊಂಡ ಕಲಾವಿದ ಟಿ. ಬಿ. ಸೊಲಬಕ್ಕನವರ ಅಲ್ಲಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಗಂಡಸರು, ಹೆಂಗಸರು, ದನಕರುಗಳನ್ನು ಆಳೆತ್ತರಕ್ಕೆ ಮಾಡಿ ನಿಲ್ಲಿಸಿದ್ದಾರೆ. ಕಲ್ಲಲ್ಲ, ಸಿಮೆಂಟು. ಆದರೂ ಅವ್ವ ಒಂದು ಆಕಳ ಮೈದಡವಿದಳು. ಒಬ್ಬ ಹೆಂಗಸಿನ ಮುಂದೆ ನಿಂತು, "ನಿಮ್ಮ ದೊಡ್ಡವ್ವ ಹಿಂಗ ನಿಲ್ಲತಿದ್ಲು" ಎಂದು ನಕ್ಕಳು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಕೇಳಿದಳು: "ನಮ್ಮ ಹಿತ್ತಲದಾಂವ ಈಗ ಎಲ್ಲಿ ಅದಾನವಾ?"

ಆ ಹೋಟೆಲು ಯಾವ ಊರಿನದು ಎಂದು ಅವತ್ತು ನಾನು ಕೇಳಿಯೇ ಇರಲಿಲ್ಲ.